ನಮ್ಮ ಪಕ್ಕದ ಮನೆಯ ಮಿಲಿಟರಿ ಅಕ್ಕ

ಕಳೆದ ವಾರ ಮೂಡಬಿದ್ರೆಯ ನಮ್ಮ ಮನೆಯ ಜಗಲಿಯಲ್ಲಿ ಮೊಮ್ಮಗಳು ಎನ್‌ಸಿಸಿ ಬೆಲ್ಟಿನ ಬಕಲನ್ನು ಹಳೆಯ ಬಟ್ಟೆಯಿಂದ ತಿಕ್ಕುತ್ತ ಕೂತಿದ್ದಳು. ಹಿತ್ತಾಳೆ ಪಾಲಿಶಿನ ವಾಸನೆ ಸೀಮೆಎಣ್ಣೆಯ ಹಾಗೆ ಮೂಗಿಗೆ ಹೊಡೆಯುತ್ತದೆ. ಒಳಗೆ ಅಕ್ಕಿ ಆರಿಸುತ್ತಿದ್ದ ನನಗೆ ಆ ವಾಸನೆ ಬಂದದ್ದೇ ತಡ, ಬಂಟ್ವಾಳ ಪೇಟೆಯ ಹಿಂದಿನ ಓಣಿ, ನಮ್ಮ ಗೋಡೆಗೆ ಗೋಡೆ ತಾಗಿಸಿಕೊಂಡಿದ್ದ ಪಕ್ಕದ ಮನೆ, ಅದರ ಮೆಟ್ಟಿಲ ಮೇಲೆ ಕೂತು ಖಾಕಿ ಅಂಗಿಯ ಗುಂಡಿಗಳನ್ನು ಹೊಳೆಯಿಸುತ್ತಿದ್ದ ಒಬ್ಬರು... ಎಲ್ಲವೂ ಒಮ್ಮೆಗೇ ಕಣ್ಣೆದುರು ಬಂದವು.

ಮೊಮ್ಮಗಳ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯಂತೆ. ಲಿಂಗತ್ವ ಅಲ್ಪಸಂಖ್ಯಾತರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಬಹುದೇ ಎಂಬುದು ವಿಷಯ. ಯಾವ ಪಕ್ಷದಲ್ಲಿ ಮಾತಾಡಲಿ ಎಂದು ಅವಳು ನನ್ನನ್ನು ಕೇಳಿದಳು. ನನಗೆ ಯೋಚಿಸಬೇಕಾದ್ದೇನೂ ಇರಲಿಲ್ಲ. ಅಂಥವರೊಬ್ಬರು ನಮ್ಮ ಪಕ್ಕದ ಮನೆಯಲ್ಲಿಯೇ ಇದ್ದರು, ಯುದ್ಧ ನೋಡಿ ಬಂದವರು, ಕರೆ ಬಂದಾಗ ಮತ್ತೆ ಹೋದವರು ಎಂದೆ. ಅವಳು ಬಕಲು ಕೆಳಗಿಟ್ಟು ನನ್ನ ಹತ್ತಿರ ಬಂದು ಕೂತಳು.

ನಾನು ಮೊದಲು ನೋಡಿದಾಗ ಅವರು ಓಣಿಗೆಲ್ಲ 'ಮಿಲಿಟರಿ ಅಣ್ಣ'. ಮಹಾಯುದ್ಧದ ಕಾಲದಲ್ಲಿ, ಮೀಸೆ ಚಿಗುರುವ ಪ್ರಾಯದಲ್ಲಿ ಸೈನ್ಯ ಸೇರಿ, ಬರ್ಮಾದ ಗಡಿಯಲ್ಲಿ ಲಾರಿ ಓಡಿಸಲು ಕಲಿತವರು. ಆಮೇಲೆ ಕಾಶ್ಮೀರದಲ್ಲಿ ಗಾಯಾಳುಗಳನ್ನು ಸಾಗಿಸುವ ಗಾಡಿಗೆ ಡ್ರೈವರ್ ಆಗಿದ್ದರು. ತಾಯಿ ಹಾಸಿಗೆ ಹಿಡಿದರೆಂದು ಕೇಳಿ ಸೈನ್ಯ ಬಿಟ್ಟು ಬಂದರು. ವಿಟ್ಲದಲ್ಲಿ ಅವರ ಅಣ್ಣ ಇದ್ದರೂ ತಾಯಿಯನ್ನು ನೋಡಿಕೊಂಡದ್ದು ಇವರೇ. ಬೆಳಿಗ್ಗೆ ತಾಯಿಯನ್ನು ಮೀಯಿಸಿ, ತಲೆ ಬಾಚಿ ಜಡೆ ಹೆಣೆದು, ಗಂಜಿ ಉಣಿಸಿ, ಬೆಳ್ತಂಗಡಿಗೆ ಹೋಗುವ ಬಸ್ಸು ಓಡಿಸಲು ಹೊರಡುತ್ತಿದ್ದರು. ಅಷ್ಟು ಚಂದದ ಜಡೆ ಹೆಣೆಯುವ ಗಂಡಸನ್ನು ನಾವು ಕಂಡಿರಲಿಲ್ಲ. ಓಣಿಯ ಹೆಂಗಸರು ಅದನ್ನು ಮೆಚ್ಚಿಕೊಂಡೇ ಆಡುತ್ತಿದ್ದರು.

ತಾಯಿ ತೀರಿಕೊಂಡ ಮೇಲೆ ಅವರು ಮೀಸೆ ತೆಗೆದರು. ಕೂದಲು ಬಿಟ್ಟರು. ಮನೆಯೊಳಗೆ ತಾಯಿಯ ಸೀರೆ ಉಟ್ಟುಕೊಂಡಿರುತ್ತಾರೆ ಎಂದು ನೀರು ಸೇದಲು ಹೋದವರು ಪಿಸುಗುಟ್ಟತೊಡಗಿದರು. ಆ ಹೊತ್ತಿಗೆ ನಾನು ಶಾಲೆ ಬಿಟ್ಟು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದೆ. ಅಪ್ಪ ಇರಲಿಲ್ಲ. ಅಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುವುದು, ನಾನು ಪಕ್ಕದಲ್ಲಿ ಮೆಷಿನ್ ತುಳಿಯುವುದು. ಒಂದು ಸಂಜೆ ಅವರು ಬಸ್ಸು ನಿಲ್ಲಿಸಿ ನೇರ ನಮ್ಮಲ್ಲಿಗೆ ಬಂದರು. ಕೈಯಲ್ಲಿ ಕಾಗದ ಸುತ್ತಿದ ಹಸಿರು ಬಟ್ಟೆಯ ತುಂಡು.

"ಒಂದು ರವಿಕೆ ಹೊಲಿಯಲಿಕ್ಕಿತ್ತು" ಎಂದರು.

ಅಳತೆಗೆ ಹಳೆಯ ರವಿಕೆ ತಂದಿದ್ದಾರೆಯೇ ಎಂದು ಕೇಳಿದೆ. ಅವರು ಬಟ್ಟೆಯನ್ನು ಮೆಷಿನ್ ಮೇಲಿಟ್ಟು, "ಅಳತೆ ನನ್ನದೇ ತೆಗಿ" ಎಂದರು.

ನನ್ನ ಕೈಯಲ್ಲಿದ್ದ ಅಳತೆಪಟ್ಟಿ ಕೈಯಲ್ಲೇ ಉಳಿಯಿತು. ಅಮ್ಮನ ಮುಖ ನೋಡಿದೆ. ಮೊರದ ಮೇಲೆ ಓಡುತ್ತಿದ್ದ ಅಮ್ಮನ ಬೆರಳುಗಳು ನಿಂತಿದ್ದವು. ಅಮ್ಮ ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಗದರಿದಳು. "ಒಳಗೆ ಕರ್ಕೊಂಡು ಹೋಗಿ ತೆಗಿ. ಹೆಂಗಸರ ಅಳತೆ ಯಾರಾದರೂ ಜಗಲಿಯಲ್ಲಿ ನಿಂತು ತೆಗೀತಾರಾ?"

ಅಷ್ಟೇ. ಅದಕ್ಕಿಂತ ಹೆಚ್ಚಿನ ಮಾತು ನಮ್ಮ ಮನೆಯಲ್ಲಿ ಆ ವಿಷಯಕ್ಕೆ ಆಗಲಿಲ್ಲ. ಅಂದಿನಿಂದ ಅಮ್ಮನಿಗೆ ಅವರು 'ತಂಗಿ', ನನಗೆ 'ಅಕ್ಕ'.

ಊರಿಗೆ ಇದು ಇಷ್ಟು ಸುಲಭವಾಗಿ ದಕ್ಕಲಿಲ್ಲ. ಹಸಿರು ರವಿಕೆ ತೊಟ್ಟು ಸೀರೆ ಉಟ್ಟು ಅವರು ಹೊರಗೆ ಕಾಲಿಟ್ಟ ದಿನವೇ ಬಸ್ಸಿನ ಮಾಲಿಕರು ಬೀಗದ ಕೈ ವಾಪಸು ಕೇಳಿದರು. ವಿಟ್ಲದಿಂದ ಅಣ್ಣ ಬಂದು ಮನೆತನದ ಮರ್ಯಾದೆಯ ಬಗ್ಗೆ ಮಧ್ಯಾಹ್ನದವರೆಗೆ ಕೂಗಾಡಿದರು. ಅಕ್ಕ ಎದುರಾಡಲಿಲ್ಲ. ಅಣ್ಣನಿಗೆ ಬೆಲ್ಲ, ನೀರು ಕೊಟ್ಟು, ಅವರು ಸುಸ್ತಾಗುವವರೆಗೆ ಕೇಳಿಸಿಕೊಂಡು, ಬಸ್ಸಿನವರೆಗೆ ಹೋಗಿ ಬಿಟ್ಟು ಬಂದರು, ಅದೇ ಸೀರೆಯಲ್ಲಿ. ನಮ್ಮ ಮಾತಿನಲ್ಲಿ 'ಅವರು' ಎಂಬ ಶಬ್ದ ಗಂಡಿಗೂ ಹೆಣ್ಣಿಗೂ ಒಂದೇ. ಓಣಿಯ ಜನ ಬಹಳ ಕಾಲ ಆ ಶಬ್ದದ ಹಿಂದೆ ಅಡಗಿಕೊಂಡು ದಿನ ದೂಡಿದರು. ಅಣ್ಣ ಎನ್ನಲಾರದೆ, ಅಕ್ಕ ಎನ್ನಲಾರದೆ...

ಕೆಲಸ ಕೊಟ್ಟವರು ಮೂಡಬಿದ್ರೆ ಕಡೆಯ ಒಬ್ಬ ಅಕ್ಕಿ ಗಿರಣಿಯ ಯಜಮಾನರು. ಅವರಿಗೆ ಬೇಕಾಗಿದ್ದದ್ದು ಕುಡಿಯದ ಡ್ರೈವರ್. ಜನ ನಗುತ್ತಾರಲ್ಲ ಎಂದು ಯಾರೋ ಎಚ್ಚರಿಸಿದರೆ, ಓಡಿಸುವವರು ಎಂತ ಉಟ್ಟಿದ್ದಾರೆ ಅಂತ ಲಾರಿಗೆ ಗೊತ್ತಾಗ್ತದಾ ಎಂದು ಕೇಳಿದರಂತೆ. ಬೆಳುವಾಯಿ, ಪುತ್ತಿಗೆಗಳಿಂದ ಭತ್ತ ಹೇರಿಕೊಂಡು ಸೀರೆ ಉಟ್ಟ ಡ್ರೈವರ್ ಬರುವುದನ್ನು ನೋಡಲು ಮೊದಮೊದಲು ಜನ ರಸ್ತೆ ಬದಿಗೆ ಬರುತ್ತಿದ್ದರು. ಆಮೇಲೆ ಬರುವುದು ಬಿಟ್ಟರು. ನೋಡಿ ಅಭ್ಯಾಸವಾಯಿತು. ಹೀಗೆ ನಿಧಾನಕ್ಕೆ ಅವರು ಎಲ್ಲರ ಬಾಯಲ್ಲಿಯೂ 'ಮಿಲಿಟರಿ ಅಕ್ಕ' ಆದರು.

ಆಗ ಚೀನಾದ ಯುದ್ಧ ಬಂತು.

ಸಂಜೆಯಾದರೆ ಹೋಟೆಲಿನ ರೇಡಿಯೋ ಎದುರು ಜನ ಸೇರುತ್ತಿದ್ದರು. ಅಕ್ಕ ಹೊರಗೆ ನಿಂತು ವಾರ್ತೆ ಕೇಳಿ ಬಂದು ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ಆ ಎತ್ತರದ ರಸ್ತೆಗಳಲ್ಲಿ ಗಾಡಿ ಓಡಿಸುವುದೆಂದರೆ ಏನೆಂದು ಅವರಿಗೆ ಗೊತ್ತಿತ್ತು. ಹಿಂದೆ ಸೈನ್ಯದಲ್ಲಿದ್ದ ಡ್ರೈವರುಗಳು ಬೇಕಾಗಿದ್ದಾರೆ, ಆಯ್ಕೆಗೆ ಮೂಡಬಿದ್ರೆಯ ಶಾಲೆಯೊಂದರ ಮೈದಾನಕ್ಕೆ ಅಧಿಕಾರಿಗಳು ಬರುತ್ತಾರೆ ಎಂಬ ಸುದ್ದಿ ಬಂದಾಗ ಅವರು ಹಳೆಯ ಪೆಟ್ಟಿಗೆಯಿಂದ ಬಿಡುಗಡೆಯ ಪತ್ರ ತೆಗೆದರು. ಜೊತೆಗೆ ಬರುತ್ತೀಯಾ ಎಂದು ನನ್ನನ್ನು ಕೇಳಿದರು. ಇಬ್ಬರೂ ಹೊರಟೆವು.

ಮೈದಾನದಲ್ಲಿ ಸಾಲು ನಿಂತಿದ್ದ ಗಂಡಸರು ಅಕ್ಕನನ್ನು ಕಂಡು ಒಬ್ಬರನ್ನೊಬ್ಬರು ತಿವಿದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ನಿಂತು, ತಮ್ಮ ಸರದಿ ಬಂದಾಗ ಅಧಿಕಾರಿಯ ಮೇಜಿನೆದುರು ಹೋದರು. ಅಧಿಕಾರಿ ಪತ್ರ ಓದಿದರು, ತಲೆ ಎತ್ತಿ ನೋಡಿದರು, ಮತ್ತೆ ಓದಿದರು. ಹಿಂದಿಯಲ್ಲಿ ಮಾತಾಯಿತು. ನಗಲಿಲ್ಲ ಆ ಮನುಷ್ಯ, ಅದನ್ನು ಹೇಳಬೇಕು. ಏನಂದರು ಎಂಬುದನ್ನು ಅಕ್ಕ ವಾಪಸು ಬರುವ ಬಸ್ಸಿನಲ್ಲಿ ನನಗೆ ತಿಳಿಸಿದರು. ಕಾಗದದಲ್ಲಿರುವವನಂಥ ಡ್ರೈವರು ತಮಗೆ ಈಗಲೇ ಬೇಕು, ಅವನು ಬಂದರೆ ನಾಳೆಯೇ ಲಾರಿ ಕೊಡುತ್ತೇನೆ ಎಂದರಂತೆ. ಕಾಗದದಲ್ಲಿರುವವನೂ ನಾನೇ ಎಂದು ಅಕ್ಕ ಹೇಳಿದರಂತೆ. ಅದು ನನಗೆ ಗೊತ್ತು, ಆದರೆ ನಾನು ತೆಗೆದುಕೊಳ್ಳಬಹುದಾದದ್ದು ಅವನನ್ನು ಮಾತ್ರ, ನಾವು ಇನ್ನೂ ಎರಡು ದಿನ ಇಲ್ಲಿರುತ್ತೇವೆ ಎಂದು ಅಧಿಕಾರಿ ಪತ್ರ ಹಿಂದೆ ಕೊಟ್ಟರಂತೆ.

ಮರುದಿನ ಮಧ್ಯಾಹ್ನ ಅಕ್ಕ ನಮ್ಮ ಹಿತ್ತಿಲಿಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ನನ್ನ ಕತ್ತರಿ ತರಲು ಹೇಳಿದರು. ಕೂದಲು ಆಗ ಸೊಂಟದವರೆಗೆ ಇಳಿದಿತ್ತು. ಅಮ್ಮನಿಗೆ ಅರ್ಥವಾಗಿ ಕೋಪ ಬಂತು. ಇಷ್ಟು ಕಷ್ಟಪಟ್ಟು ಊರಿನ ಬಾಯಿ ಮುಚ್ಚಿಸಿದ್ದು ಯಾಕೆ, ನೀನು ಬೇಡ ಅಂದವರಲ್ಲಿಗೆ ನೀನು ಯಾಕೆ ಹೋಗಬೇಕು, ಪುನಃ ಆ ವೇಷ ಯಾಕೆ ಎಂದು ಒಂದರ ಮೇಲೊಂದು ಕೇಳಿದಳು.

ಅಕ್ಕ ಎಲ್ಲ ಕೇಳಿಸಿಕೊಂಡರು. "ಅಲ್ಲಿ ಮಕ್ಕಳು ಗಾಯ ಆಗಿ ರಸ್ತೆಯಲ್ಲಿ ಮಲಗಿರ್ತಾರೆ ಅಕ್ಕ" ಎಂದು ಅಮ್ಮನಿಗೆ ಹೇಳಿದರು. "ಅವರನ್ನು ಕೆಳಗೆ ತರಲಿಕ್ಕೆ ನನಗೆ ಬರ್ತದೆ. ಕೂದಲು ಆಮೇಲೆ ಬೆಳೀತದೆ."

ಅಮ್ಮ ಒಳಗೆ ಹೋಗಿಬಿಟ್ಟಳು. ನಾನು ಕತ್ತರಿಸಿದೆ. ಅಕ್ಕ ಅಳಲಿಲ್ಲ. ಕತ್ತು ಬಗ್ಗಿಸಿ, ಕೆಳಗೆ ಬಿದ್ದದ್ದನ್ನು ನೋಡದೆ, ಬೇಗ ಮಾಡು ಎಂದಷ್ಟೇ ಹೇಳಿದರು. ಮುಗಿದ ಮೇಲೆ ತಲೆ ಸವರಿಕೊಂಡು, ಹಗುರ ಆಯ್ತು ಮಾರಾಯ್ತಿ ಎಂದು ನನ್ನನ್ನು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

ಪ್ಯಾಂಟು ಶರ್ಟು ಹಾಕಿ ಹೋದವರು ಎರಡು ಮಳೆಗಾಲ ಕಳೆದು ಬಂದರು. ಅದೇ ಪ್ಯಾಂಟು, ಅದೇ ಪೆಟ್ಟಿಗೆ. ಬಂದ ಮರುದಿನವೇ ರವಿಕೆಯ ಬಟ್ಟೆ ಹಿಡಿದು ನನ್ನ ಮೆಷಿನ್ ಹತ್ತಿರ ನಿಂತರು. ಆಗಿದ್ದನ್ನು ಅವರು ತುಂಡು ತುಂಡಾಗಿ ಹೇಳಿದರು. ಯುದ್ಧ ಅವರು ತಲುಪುವಷ್ಟರಲ್ಲಿ ನಿಂತಿತ್ತು, ಆದರೆ ಗಾಯಗೊಂಡವರು, ಹಿಮದಲ್ಲಿ ಕಾಲು ಸತ್ತವರು ಇನ್ನೂ ಮೇಲಿನಿಂದ ಇಳಿಯುತ್ತಲೇ ಇದ್ದರು. ಎರಡನೆಯ ಚಳಿಗಾಲದಲ್ಲಿ ಯಾರೋ ಇವರ ಪೆಟ್ಟಿಗೆಯಲ್ಲಿ ಬಳೆ ಕಂಡು ದೂರು ಕೊಟ್ಟರು. ಮೇಲಿನವರು ಕರೆದು ಕೇಳಿದಾಗ ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಜೊತೆಯ ಡ್ರೈವರುಗಳು ಒಟ್ಟಾಗಿ ಹೋಗಿ, ಇವರನ್ನು ಕಳಿಸಬೇಡಿ, ನಮಗೆ ಏನೂ ತೊಂದರೆ ಇಲ್ಲ ಎಂದು ಬೇಡಿಕೊಂಡರು. ಇವರ ಅಧಿಕಾರಿ ಹಿಮ ಕರಗುವವರೆಗೆ ಕಣ್ಣುಮುಚ್ಚಿ ಇಟ್ಟುಕೊಂಡರು. ಆಮೇಲೆ ಆ ಅಧಿಕಾರಿಗೆ ವರ್ಗವಾಯಿತು, ಇವರಿಗೆ ಮನೆ ದಾರಿ. ಹೊರಡುವ ದಿನ ಜೊತೆಯವರು ಕೈ ಹಿಡಿದು, ದೀದಿ ಎಂದು ಕರೆದರಂತೆ. ಅದನ್ನು ಹೇಳುವಾಗ ಮಾತ್ರ ಅವರ ದನಿ ಸ್ವಲ್ಪ ಬದಲಾಯಿತು...

ಕೆಲವು ತಿಂಗಳ ಮೇಲೆ ಬೆಳ್ತಂಗಡಿ ಕಡೆಯ ಒಬ್ಬ ಸೈನಿಕ ತಂದೆತಾಯಿಯೊಂದಿಗೆ ನಮ್ಮ ಓಣಿಗೆ ಬಂದ. ಒಂದು ಪಾದ ಇರಲಿಲ್ಲ, ಊರುಗೋಲು ಊರುತ್ತಿದ್ದ. ಅವನನ್ನು ಕೆಳಗೆ ತಂದದ್ದು ಅಕ್ಕನ ಗಾಡಿ. ರಸ್ತೆಯುದ್ದಕ್ಕೂ ತುಳುವಿನಲ್ಲಿ ಮಾತಾಡಿಸುತ್ತ, ನಿದ್ರೆ ಹೋಗಲು ಬಿಡದೆ ಕರೆತಂದರಂತೆ. ಆ ಚಳಿಯಲ್ಲಿ ಊರ ಮಾತು ಕೇಳಿದ್ದರಿಂದಲೇ ತಾನು ಉಳಿದೆ ಎಂದು ಅವನು ನಂಬಿದ್ದ. ಸೀರೆಯಲ್ಲಿದ್ದ ಅಕ್ಕನನ್ನು ಕಂಡು ಅವನು ಅರೆಕ್ಷಣ ತಡೆದ. ಮತ್ತೆ ಊರುಗೋಲನ್ನು ಕಂಕುಳಿಗೆ ಒತ್ತಿ, ನೆಟ್ಟಗಾಗಿ ಸೆಲ್ಯೂಟ್ ಹೊಡೆದ. ಓಣಿಯ ಬಾಗಿಲುಗಳಲ್ಲೆಲ್ಲ ಜನ.

"ತಲೆಯಲ್ಲಿ ಟೋಪಿ ಇಲ್ಲದೆ ಸೆಲ್ಯೂಟ್ ಹೊಡೀಲಿಕ್ಕಿಲ್ಲ, ಮರ್ತುಹೋಯ್ತಾ?" ಎಂದು ಅಕ್ಕ ಗದರಿದರು. ಆಮೇಲೆ ಅವನ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದರು. ಅವನ ತಾಯಿ ಅಕ್ಕನ ಕೈಗಳನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆ ದಿನದ ನಂತರ ಓಣಿಯಲ್ಲಿ ಪಿಸುಮಾತು ಕೇಳಿದ ನೆನಪು ನನಗಿಲ್ಲ.

ಮುಂದಿನ ವರ್ಷ ಪಾಕಿಸ್ತಾನದ ಜೊತೆ ಯುದ್ಧವಾಯಿತು. ಅಕ್ಕ ಮತ್ತೆ ಹೋಗಿ ಸಾಲಿನಲ್ಲಿ ನಿಂತರು. ಕೂದಲು ಹೆಗಲು ದಾಟಿತ್ತು. ಈ ಸಲ ಕತ್ತರಿ ಕೇಳಲಿಲ್ಲ. ಅಧಿಕಾರಿ ಬೇರೆ, ಉತ್ತರ ಅದೇ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮುಖ ಸಣ್ಣ ಮಾಡಿಕೊಂಡಿದ್ದನ್ನು ನೋಡಿ ಅವರೇ ಮಾತು ತೆಗೆದರು.

"ಬೇಸರ ಉಂಟು ಮಾರಾಯ್ತಿ, ನಾಚಿಕೆ ಇಲ್ಲ. ಒಳ್ಳೆ ಡ್ರೈವರನ್ನು ಬೇಡ ಅಂತ ಹೇಳಿದ್ದು ಅವರು, ನಾನಲ್ಲ."

ಮರುದಿನ ಬೆಳಿಗ್ಗೆ ಎಂದಿನಂತೆ ಗಿರಣಿಯ ಲಾರಿ ಹತ್ತಿದರು.

ನನಗೆ ಮದುವೆಯಾಗಿ ಮೂಡಬಿದ್ರೆಗೆ ಬಂದ ಮೇಲೂ ಭತ್ತ ಹೇರಿಕೊಂಡು ಬಂದಾಗಲೆಲ್ಲ ಅವರು ನಮ್ಮ ಬಾಗಿಲಲ್ಲಿ ಹಾರ್ನ್ ಹಾಕಿ, ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಕೊನೆಗೆ ಕಾಮಾಲೆ ಬಂತು. ನಾಟಿ ಮದ್ದು ಮಾಡಿ, ಆಸ್ಪತ್ರೆಗೂ ಹೋಗಿ, ಯಾವುದೂ ಹಿಡಿಯಲಿಲ್ಲ. ತೀರಿಕೊಂಡ ಸುದ್ದಿ ಸಿಕ್ಕಿ ನಾನು ಬಂಟ್ವಾಳ ತಲುಪುವಾಗ ವಿಟ್ಲದ ಅಣ್ಣ ಬಂದಾಗಿತ್ತು. ಅಕ್ಕನಿಗೆ ಬಿಳಿ ಶರ್ಟು, ಪಂಚೆ ಉಡಿಸಿ ಮಲಗಿಸಿದ್ದರು. ಕೂದಲನ್ನು ತಲೆಯ ಕೆಳಗೆ ಮಡಚಿ ಕಾಣದಂತೆ ಇಟ್ಟಿದ್ದರು. ಅಮ್ಮ ಹೊಸಿಲ ಮೇಲೆ ಅಡ್ಡ ಕೂತಿದ್ದಳು.

"ಇವಳು ಒಮ್ಮೆ ಆ ವೇಷ ಹಾಕಿದ್ದು ಬೇರೆಯವರ ಜೀವಕ್ಕೋಸ್ಕರ" ಎಂದಳು ಅಮ್ಮ, ಮೆಲ್ಲಗೆ. "ಈಗ ಯಾರಿಗೋಸ್ಕರ? ಸೀರೆ ಉಡಿಸದೆ ಎತ್ತಲಿಕ್ಕೆ ನಾನು ಬಿಡುವುದಿಲ್ಲ."

ಅಣ್ಣ ಸಿಟ್ಟಾಗಲಿಲ್ಲ. ಅವರಿಗೂ ಪ್ರಾಯವಾಗಿತ್ತು. ಸ್ವಲ್ಪ ಹೊತ್ತು ತಮ್ಮ ಒಡಹುಟ್ಟಿದವರ ಮುಖ ನೋಡುತ್ತ ನಿಂತು, ಗಂಡಸರನ್ನೆಲ್ಲ ಹೊರಗೆ ಕರೆದುಕೊಂಡು ಹೋದರು, ಬಾಗಿಲು ತಾವೇ ಎಳೆದುಕೊಂಡರು. ನಾನೂ ಅಮ್ಮನೂ ಸೇರಿ ಮಾಡಬೇಕಾದ್ದನ್ನು ಮಾಡಿದೆವು. ಅಮ್ಮ ಜಡೆ ಹೆಣೆದಳು. ರವಿಕೆ ನಾನು ಹೊಲಿದದ್ದೇ.

ಇದನ್ನೆಲ್ಲ ಕೇಳಿ ಮೊಮ್ಮಗಳು ಬಕಲನ್ನು ಮತ್ತೆ ಕೈಗೆ ತೆಗೆದುಕೊಂಡಳು. ಆಮೇಲೆ, ಸೈನ್ಯದಲ್ಲಿ ಅಷ್ಟು ವರ್ಷ ಯಾರಿಗೂ ಹೇಳದೆ ಅವರು ಹೇಗೆ ಇದ್ದರು ಅಜ್ಜಿ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅಂಥವರು ಸೈನಿಕರಾಗಬಲ್ಲರೇ ಎಂದರೆ ನಾನು ಎಲ್ಲಿ ಬೇಕಾದರೂ ಎದ್ದು ನಿಂತು ಹೇಳಬಲ್ಲೆ, ಆಗಬಲ್ಲರು, ಆಗಿದ್ದರು, ನನ್ನ ಕಣ್ಣಾರೆ ಕಂಡಿದ್ದೇನೆ. ಆದರೆ ಆ ಮೊದಲಿನ ವರ್ಷಗಳ ಬಗ್ಗೆ, ಅಕ್ಕ ಎಂದು ಕರೆಯುವವರು ಒಬ್ಬರೂ ಇಲ್ಲದ ಆ ದೂರದ ಬಿಡಾರಗಳ ಬಗ್ಗೆ, ಅವರು ತಾವಾಗಿ ಏನೂ ಹೇಳಿದವರಲ್ಲ. ಓಣಿಯ ಆ ಮನೆಗಳೂ ಈಗಿಲ್ಲ, ಅಮ್ಮನೂ ಇಲ್ಲ. ಅಕ್ಕ ಇದ್ದಿದ್ದರೆ ಹುಡುಗಿಯ ಕೈ ಹಿಡಿದು ಅವರ ಮೆಟ್ಟಿಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಆ ಮಾತು ಅವರೊಬ್ಬರೇ ಹೇಳಬೇಕಾದದ್ದು. ಅದು ಅವರ ಜೊತೆಗೇ ಹೋಯಿತು.