ಹಿರಾಬಾಯಿ ಹಿಡಿದ ಶಿಂಗಾಳಿ

ಹೋಟಗಿ ಸ್ಟೇಶನ್ನಿನಲ್ಲಿ ಹಳಿ ರಿಪೇರಿ ಮಾಡುವ ಗ್ಯಾಂಗಿನಲ್ಲಿ ಧೂಳಪ್ಪ ಎಂಬ ಆಳಿದ್ದ. ಮಹಾರರ ಕೇರಿಯಾದ ಮಹಾರವಾಡೆಯವನು. ಎತ್ತರದ ಮೈಕಟ್ಟು, ಮಾತು ಜೋರು, ನಗು ಇನ್ನೂ ಜೋರು. ರಜೆ ಬಂತೆಂದರೆ ಗಾಳ ಹೆಗಲಿಗೇರಿಸಿ ಊರ ಹೊರಗಿನ ಕೆರೆಗೆ ಹೊರಟುಬಿಡುತ್ತಿದ್ದ. ಊರಿನವರು ನೀರು ತುಂಬುವ ಕಡೆ ಅವನ ಜನ ಕಾಲಿಡುವಂತಿರಲಿಲ್ಲ. ಜಾಲಿ ಮರಗಳಿದ್ದ ಆಚೆ ದಂಡೆಯಲ್ಲಿ ಕೂಡುತ್ತಿದ್ದ. ಅವನಿಗೆ ಬೇಕಾದದ್ದು ಶಿಂಗಾಳಿ ಮೀನು ಒಂದೇ. ಬೆಕ್ಕಿನ ಹಾಗೆ ಮೀಸೆ, ಹುರುಪೆಯಿಲ್ಲದ ನುಣ್ಣನೆ ಮೈ, ಬೆನ್ನಿಗೊಂದು ಪಕ್ಕೆಗೊಂದು ಗರಗಸದಂಥ ಮುಳ್ಳು. ಕೆಸರಿನ ತಳ ಬಿಟ್ಟು ಮೇಲೆ ಬಾರದ ಈ ಮೀನು ಕೊಳೆತ ಕೋಳಿ ಕರುಳಿನ ವಾಸನೆಗೆ ಮಾತ್ರ ಮರುಳಾಗುತ್ತಿತ್ತು.

ಹೆಂಡತಿ ಹಿರಾಬಾಯಿ ಹನ್ನೂರಿನವಳು. ಮದುವೆಯ ಹೊಸತರಲ್ಲಿ ಅವಳನ್ನೂ ಕೆರೆಗೆ ಕರೆದೊಯ್ಯುತ್ತಿದ್ದ. ಗಿರಣಿ ನೂಲನ್ನು ಹುರಿ ಮಾಡಿ ಜಾಲಿ ತೊಗಟೆಯ ನೀರಲ್ಲಿ ಕುದಿಸುವುದು, ನೀರ ಮೇಲೆ ತೇಲಲು ಜೋಳದ ದಂಟಿನ ಬೆಂಡು ಕಟ್ಟುವುದು, ಎಲ್ಲ ಕಲಿಸಿದ.

"ಬೆಂಡ ಅಲ್ಲಾಡಿದ ಕೂಡ್ಲೇ ಎಳೀಬ್ಯಾಡ. ಅದು ಬರೇ ರುಚಿ ನೋಡಾಕತ್ತಿರತದ. ನುಂಗಲಿ. ಹುರಿ ಒಜ್ಜಿ ಆದಾಗ ಎಳಿ," ಎನ್ನುತ್ತಿದ್ದ.

ಹಿರಾಬಾಯಿ ಇದನ್ನೆಲ್ಲ ಅಕ್ಕನಿಗಲ್ಲದೆ ಬೇರೆ ಯಾರಿಗೂ ಹೇಳಿಕೊಂಡವಳಲ್ಲ. ನನಗೆ ಹೇಳಿದವಳು ಆ ಅಕ್ಕ, ಭಾಗಾಬಾಯಿ. ಸೊಲ್ಲಾಪುರದ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯವಳು. "ನಾ ಹೋಟಗಿಗೆ ಹೋದಾಗೆಲ್ಲ ಇಬ್ರೂ ನಕ್ಕೋತ ಕೆರಿಯಿಂದ ಬರ್ತಿದ್ರು. ಕೈ ತುಂಬ ಕರುಳಿನ ನಾತ," ಅನ್ನುತ್ತಿದ್ದಳು.

ಸಾವಿರದ ಒಂಬೈನೂರ ಇಪ್ಪತ್ತೊಂಬತ್ತರ ಮಳೆಗಾಲದಲ್ಲಿ, ಗಾಳ ಬಿಡಿಸುವಾಗ ಶಿಂಗಾಳಿಯೊಂದು ಒದ್ದಾಡಿ ಪಕ್ಕೆಯ ಮುಳ್ಳು ಧೂಳಪ್ಪನ ಬಲ ಅಂಗೈಯಲ್ಲಿ ನಾಟಿ ಒಳಗೇ ಮುರಿಯಿತು. ಅರಿಶಿನ ಮೆತ್ತಿಕೊಂಡು ಕೆಲಸಕ್ಕೆ ಹೋದ. ಕೈ ಬಾತು ಜ್ವರವೇರಿ, ಸೊಲ್ಲಾಪುರದ ದವಾಖಾನೆ ಮುಟ್ಟುವ ಹೊತ್ತಿಗೆ ಬೆರಳುಗಳು ಕಪ್ಪಿಟ್ಟಿದ್ದವು. ಹೆಬ್ಬೆರಳೊಂದನ್ನು ಉಳಿಸಿ ಮಿಕ್ಕವನ್ನು ತೆಗೆದರು. ಗುದ್ದಲಿ ಹಿಡಿಯಲಾರದವನಿಗೆ ಗ್ಯಾಂಗಿನಲ್ಲಿ ಕೆಲಸವೆಲ್ಲಿ? ಧೂಳಪ್ಪ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಮಗಳು ಮುಕ್ತಾಬಾಯಿ ಇನ್ನೂ ತೊಡೆ ಬಿಡದ ಕೂಸು.

ಹಿರಾಬಾಯಿ ಕೂಸನ್ನು ನೆರೆಮನೆಯಲ್ಲಿ ಬಿಟ್ಟು, ಮಾಡಿನ ಸಂದಿಯಿಂದ ಗಾಳ ಇಳಿಸಿಕೊಂಡು ಒಬ್ಬಳೇ ಕೆರೆಗೆ ಹೋದಳು. ಮೊದಲ ಕೆಲವು ಸಲ ಆಮೆಗಳು ಕರುಳು ತಿಂದು ಹೋದವು. ಆಮೇಲೊಂದು ಸಂಜೆ ಹುರಿ ಭಾರವಾಯಿತು. ದಂಡೆಗೆ ಬಿದ್ದ ಮೀನು ಗೊರ ಗೊರ ಎಂದು ಮನುಷ್ಯರಂತೆ ನರಳಿತು. ಅವಳು ಸೀರೆಯ ಸೆರಗನ್ನು ನೆನೆಸಿ ಕೈಗೆ ಸುತ್ತಿಕೊಂಡು, ಮುಳ್ಳುಗಳನ್ನು ಹಿಂದಕ್ಕೆ ಒತ್ತಿ ಹಿಡಿದಳು.

ಹೆಂಗಸು ಗಾಳ ಹಾಕುತ್ತಾಳೆಂದು ಗೊತ್ತಾದರೆ ವಾಡೆಯವರು ನಗುತ್ತಾರೆ ಎಂದು ಧೂಳಪ್ಪ ಎದ್ದು ಕೂತ. "ಬುಟ್ಟಿ ಇಲ್ಲಿ ಕೊಡು. ಮಾರಾಕ ನಾ ಒಯ್ತೀನಿ."

ರೈಲ್ವೆ ಕ್ವಾರ್ಟರ್ಸಿನ ಅಡುಗೆಯವರಿಗೆ, ಎಡಗೈಯಿಂದ ತಾನೇ ಹಿಡಿದದ್ದೆಂದು ಹೇಳಿ ಕೊಟ್ಟುಬಂದ. ಜನ ಬೆನ್ನು ತಟ್ಟಿದರು. ಅವನ ನಗು ಮತ್ತೆ ಕೇಳಿಸತೊಡಗಿತು. ಗಂಡ ಹಾಸಿಗೆ ಬಿಟ್ಟು ಎದ್ದನಲ್ಲ, ಅಷ್ಟೇ ಸಾಕೆಂದುಕೊಂಡಳು ಹಿರಾಬಾಯಿ.

ಎರಡು ವರ್ಷದ ಮೇಲೆ, ಬೇಸಿಗೆಯಲ್ಲಿ ಕೆರೆ ಬತ್ತಿ ನಡುವಿನ ಮಡುವಿಗೆ ಇಳಿದಾಗ, ಅವಳ ಗಾಳಕ್ಕೆ ಬಿದ್ದದ್ದು ಆ ಕೆರೆಯ ಮುದಿ ಶಿಂಗಾಳಿ. ಹುರಿಯನ್ನು ಜಾಲಿ ಬೊಡ್ಡೆಗೆ ಸುತ್ತಿ, ಬಿಟ್ಟು ಎಳೆದು, ಎಳೆದು ಬಿಟ್ಟು, ಹೊತ್ತು ಮುಳುಗುವ ತನಕ ಹೆಣಗಿದಳು. ಅಂಗೈ ಸೀಳಿ ರಕ್ತ ಮೊಣಕೈಗಿಳಿಯಿತು. ನೀರಿಗಿಳಿದು ತಬ್ಬಿಕೊಂಡೇ ಅದನ್ನು ಮೇಲೆ ತಂದಳು. ಅವಳ ಎದೆಮಟ್ಟ ಬರುವಷ್ಟು ಉದ್ದವಿತ್ತು.

ಮರುದಿನ ಸ್ಟೇಶನ್ನಿನ ಮುಂದೆ ಧೂಳಪ್ಪ ಮೀನನ್ನು ಬಿದಿರಿಗೆ ನೇತುಹಾಕಿ ನಿಂತ. ಕೆರೆಯ ಮೀನಿನ ಗುತ್ತಿಗೆ ಹೊಸದಾಗಿ ಹಿಡಿದಿದ್ದ ಸೊಲ್ಲಾಪುರದ ನವಿ ಪೇಠದ ಬಟ್ಟೆ ವ್ಯಾಪಾರಿಯೊಬ್ಬ ಗಾಡಿ ಇಳಿದು ನೋಡಿದ.

"ಒಂದ ಕೈಲೆ ಹಿಡದಿ? ಶಾಬಾಸ್! ಇಂಥಾ ಮನಷ್ಯಾನ ನನಗ ಕಾವಲಿಗೆ ಬೇಕು."

ಹಿರಾಬಾಯಿ ಎರಡೂ ಕೈಗೆ ಅರಿವೆ ಸುತ್ತಿಕೊಂಡು ಹಿಂದೆಯೇ ನಿಂತಿದ್ದಳು. ಧೂಳಪ್ಪ ಒಂದು ಸಲ ಅವಳತ್ತ ನೋಡಿದ. ಆಮೇಲೆ, "ಹೂಂನ್ರಿ ಮಾಲಕ್ರ," ಅಂದ.

ಖಾಕಿ ಕೋಟು ಬಂತು, ಲಾಠಿ ಬಂತು. ಕೋಟು ತೊಟ್ಟ ಮೊದಲ ಮುಂಜಾನೆಯೇ ಹೇಳಿದ:

"ಇನ್ನ ನೀ ಕೆರಿಗೆ ಬರಬ್ಯಾಡ. ಗಾಳ ಹಾಕಿದವರನ್ನ ಹಿಡದು ಕೊಡಬೇಕಂತ ಹುಕುಂ ಆಗೇದ."

"ಮೀನ ಹಿಡದಾಕಿ ನಾನು."

"ಕಲಿಸಿದಾಂವ ನಾನು."

ಮನೆಯಲ್ಲಿ ಈಗ ಉಣ್ಣಲು ಕೊರತೆಯಿರಲಿಲ್ಲ. ಆದರೂ ಅವಳು ಹೋದಳು. ಕೈಯಲ್ಲಿ ಹುರಿ ಭಾರವಾಗುವ ಆ ಗಳಿಗೆಯಷ್ಟು ತನ್ನದು ಎನ್ನುವಂಥದ್ದು ಅವಳ ಬದುಕಿನಲ್ಲಿ ಮತ್ತೊಂದಿರಲಿಲ್ಲ. ಜಾಲಿಗಳ ಮರೆಯಲ್ಲಿ ಕೂತು ಹಿಡಿಯುತ್ತಿದ್ದಳು, ಎಷ್ಟೋ ಸಲ ನೀರಿಗೇ ಬಿಟ್ಟುಬಿಡುತ್ತಿದ್ದಳು.

ಒಂದು ರವಿವಾರ ಗುತ್ತೇದಾರ ಗೆಳೆಯರೊಡನೆ ಕೆರೆಗೆ ಬಂದ. ಆಚೆ ದಂಡೆಯಲ್ಲಿ ಸೀರೆ ಕಂಡು ಕೂಗಿದ. ಧೂಳಪ್ಪ ಓಡಿಬಂದ. ಅವಳ ಕೈಯಿಂದ ಗಾಳದ ಕೋಲು ಕಿತ್ತುಕೊಂಡು, ನೆಲಕ್ಕೆ ಹಾಕಿ ಕಾಲಿಂದ ತುಳಿದು ಮುರಿದ. ಹುರಿಯನ್ನು ನೀರಿಗೆಸೆದ. ಅಷ್ಟರಲ್ಲಿ ಗುತ್ತೇದಾರನೂ ಅಲ್ಲಿಗೇ ಬಂದಿದ್ದ.

"ಯಾರಾಕಿ?"

ಧೂಳಪ್ಪ ಅವಳ ಮುಖ ನೋಡಲಿಲ್ಲ. "ಯಾರೋ ಪರಊರಾಕಿ ಅದಾಳ್ರಿ. ಗುರತ ಇಲ್ಲ."

"ಒಂದ ಏಟ ಹಾಕಿ ಕಳಿಸು," ಎಂದ ಗುತ್ತೇದಾರ.

ಧೂಳಪ್ಪ ಲಾಠಿ ಎತ್ತಿದ. ಏಟು ಮೆಲ್ಲಗೇ ಬಿತ್ತು, ಹೆಗಲ ಮೇಲೆ. ನೋವಾಗಲಿಲ್ಲವಂತೆ. ಅದನ್ನು ಹೇಳುವಾಗ ಭಾಗಾಬಾಯಿ ಬಿಕ್ಕಿಬಿಕ್ಕಿ ಅತ್ತಿದ್ದಳು.

ಅದೇ ದಿನ ಹಿರಾಬಾಯಿ ಮಗಳನ್ನೆತ್ತಿಕೊಂಡು ಸೊಲ್ಲಾಪುರದ ಗಾಡಿ ಹತ್ತಿದಳು. ಅಕ್ಕನ ಖೋಲಿಯಲ್ಲಿ ಇಳಿದು, ಗಿರಣಿಯಲ್ಲಿ ನೂಲು ಸುತ್ತುವ ಕೆಲಸಕ್ಕೆ ಸೇರಿದಳು. ಕೆಲವು ತಿಂಗಳಾದ ಮೇಲೆ ಧೂಳಪ್ಪ ಕೋಟು ತೊಟ್ಟುಕೊಂಡೇ ಚಾಳಿಗೆ ಬಂದ.

"ಆದದ್ದು ಆತು. ನಡಿ ಮನಿಗೆ."

"ಆ ಮೀನ ಹಿಡದಾಕಿ ನಾ ಅಂತ ನಿನ್ನ ಮಾಲಕಗ ಹೇಳು. ಬರ್ತೀನಿ."

"ಹುಚ್ಚಿ, ನೌಕರಿ ಹೋಗ್ತದಲ್ಲ!"

"ಹಂಗಾರ ನೌಕರಿ ಜೋಡಿನ ಬಾಳ್ವಿ ಮಾಡು ಹೋಗು," ಎಂದು ಬಾಗಿಲು ಹಾಕಿಕೊಂಡಳು. ಅವನು ಹೊರಗೆ ಬಹಳ ಹೊತ್ತು ನಿಂತಿದ್ದು ಹೋದ. ಮತ್ತೆ ಬರಲಿಲ್ಲ.

ಮೂವತ್ತೇಳರಲ್ಲಿ ಧೂಳಪ್ಪ ವಾಂತಿಭೇದಿಯಿಂದ ತೀರಿಕೊಂಡ. ಸುದ್ದಿ ಬಂದಾಗ ಹಿರಾಬಾಯಿ ಪಾಳಿ ಬಿಟ್ಟು ಅಕ್ಕನೊಂದಿಗೆ ಹೋಟಗಿಗೆ ಹೋದಳು. ಮಣ್ಣು ಕೊಟ್ಟು ಬಂದ ಜನ ಅಂಗಳದಲ್ಲಿ ಕೂತು ಅವನ ಗುಣಗಾನ ನಡೆಸಿದ್ದರು. ವಾಡೆಯ ಹಿರಿಯ ನಾಮದೇವ ಅಂದ:

"ಒಂದ ಕೈಲೆ ಅಂಥಾ ಶಿಂಗಾಳಿ ಹಿಡದ ಗಂಡಸು. ಮತ್ತ ಹುಟ್ಟಂಗಿಲ್ಲ ಬಿಡ್ರಿ."

"ಅದನ್ನ ಹಿಡದಾಕಿ ನಾನು," ಎಂದಳು ಹಿರಾಬಾಯಿ.

ಅವಳು ಇನ್ನೂ ಗಟ್ಟಿಯಾಗಿ ಹೇಳಿದಳು: "ನಾ ಹಿಡದೀನಿ. ಅವನ ಕೈಗೆ ಕೊಟ್ಟಾಕಿನೂ ನಾನು."

ಹೆಂಗಸರಿಬ್ಬರು ಎದ್ದುಬಂದು ಅವಳ ರಟ್ಟೆ ಹಿಡಿದರು. "ಪಾಪ, ದುಃಖ ತಲಿಗೇರೇದ," ಎಂದು ನಾಮದೇವ ಮೆಲ್ಲಗೆ ಹೇಳಿದ. "ಒಳಗ ಕರಕೊಂಡ ಹೋಗ್ರಿ. ನೀರ ಕುಡಸ್ರಿ." ಭಾಗಾಬಾಯಿ ಬಾಯಿ ತೆರೆದಳು, ಅವಳ ಮಾತು ಕೇಳಲು ಯಾರೂ ತಿರುಗಲಿಲ್ಲ. ಜನ ಆಗಲೇ ಆ ಮೀನು ಎಷ್ಟು ಉದ್ದವಿತ್ತೆಂದು ಕೈ ಚಾಚಿ ತೋರಿಸಿಕೊಳ್ಳುತ್ತಿದ್ದರು.