ಒಂದೇ ಟಿಕೆಟ್ಟಿನ ಬೆನಿಲ್ದೆ

ಕೆಲಸಕ್ಕೆ ಸೇರಿದ ಮೊದಲ ವಾರ, ಒಬ್ಬೊಬ್ಬರೇ ಬರುವ ಪ್ರವಾಸಿಗರೆಲ್ಲ ವೇಷ ಮರೆಸಿಕೊಂಡ ಇನ್ಸ್‌ಪೆಕ್ಟರುಗಳು ಎಂದು ನಾನು ನಂಬಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಸೆಗೋವಿಯಾದ ಹಳೇ ಚರ್ಚೊಂದರ ಗೋಪುರದ ಟಿಕೆಟ್ ಕಿಟಕಿಯಲ್ಲಿ ಆರು ತಿಂಗಳ ಕರಾರಿನ ಮೇಲೆ ನನ್ನನ್ನು ಕೂರಿಸುವಾಗ ಆಫೀಸಿನವರು ಒಂದು ಮಾತು ಹೇಳಿ ಹೋಗಿದ್ದರು: ಮೇಲಿನಿಂದ ತಪಾಸಣೆಗೆ ಯಾರಾದರೂ ಬರಬಹುದು, ಪ್ರವಾಸಿಗಳ ಹಾಗೆಯೇ ಬರುತ್ತಾರೆ, ಯಾರೆಂದು ಹೇಳುವುದಿಲ್ಲ. ನಮ್ಮೂರಲ್ಲಿ ಬ್ರೆಡ್ ತರುವುದಕ್ಕೂ ಯಾರೂ ಒಬ್ಬರೇ ಹೋಗಿ ಬರುವುದಿಲ್ಲ. ಬೀದಿ ತುದಿಗೆ ಹೋಗುವಷ್ಟರಲ್ಲಿ ಇಬ್ಬರು ಜೊತೆಗೆ ಬಿದ್ದಿರುತ್ತಾರೆ. ಹೀಗಿರುವಾಗ ಒಬ್ಬರೇ ಬಸ್ಸು ಹತ್ತಿ ಬಂದು, ಒಂದೇ ಟಿಕೆಟ್ ಕೊಂಡು, ನೂರ ಹದಿನೇಳು ಮೆಟ್ಟಿಲು ಹತ್ತಿ ಇಳಿಯುವ ಕೆಲಸವನ್ನು ಸಂಬಳವಿಲ್ಲದೆ ಮಾಡುವವರೂ ಇದ್ದಾರೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಒಬ್ಬ ಡಚ್ಚನ ಬೆನ್ನುಚೀಲವನ್ನು ಗೋಪುರದ ತುದಿಯವರೆಗೂ ನಾನೇ ಹೊತ್ತೆ. ಕೆಳಗಿಳಿದ ಮೇಲೆ ಅವನು ಎರಡು ಯೂರೋ ಕೊಡಲು ಬಂದಾಗ, ಇದು ನನ್ನನ್ನು ಸಿಕ್ಕಿಸುವ ಲಂಚದ ಬಲೆ ಎಂದುಕೊಂಡು, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ನಾನು ಅಂಥವನಲ್ಲ ಎಂದು ಘೋಷಿಸಿದೆ. ಪಾಪ, ಅವನು ಹೆದರಿ ಹೋದ.

ಬೆನಿಲ್ದೆಯನ್ನು ನಾನು ನೋಡಿದ್ದು ಅದೇ ವಾರದ ಬುಧವಾರ. ಅರವತ್ತೆಂಟು ದಾಟಿದ ಗಿಡ್ಡ ಹೆಂಗಸು. ನೀಲಿ ಮಳೆಕೋಟು, ಭುಜದಲ್ಲಿ ಬಟ್ಟೆಚೀಲ, ಕನ್ನಡಿ ನೋಡಿಕೊಂಡು ತಾನೇ ಕತ್ತರಿಸಿಕೊಂಡಂತಿದ್ದ ಬಿಳಿ ಕೂದಲು. ಒಂದು ಟಿಕೆಟ್ ಎಂದಳು. ನಾನು ತಟ್ಟನೆ ಎದ್ದು ನಿಂತೆ.

"ಕೂತ್ಕೋ ಮಗನೇ," ಎಂದಳು. "ನಾನೇನು ಬಿಷಪ್ಪಾ?"

ಟಿಕೆಟ್ ಕೊಂಡವಳು ಮೆಟ್ಟಿಲು ಹತ್ತಲಿಲ್ಲ. ಕಿಟಕಿಯ ಎದುರಿನ ಕಲ್ಲುಬೆಂಚಿನ ಮೇಲೆ ಕೂತು, ಬಂದು ಹೋಗುವವರನ್ನು ಒಬ್ಬೊಬ್ಬರನ್ನಾಗಿ ಅಳೆಯುತ್ತಿದ್ದಳು. ನಡುವೆ ಚೀಲದಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡಳು. ಒಂದು ಗಂಟೆಯಾದ ಮೇಲೆ ಎದ್ದು ಬಂದು, ಇವತ್ತು ಒಂದೇ ಟಿಕೆಟ್ ಕೊಂಡವರು ಎಷ್ಟು ಜನ ಎಂದು ಕೇಳಿದಳು. ನನಗೆ ಇನ್ನು ಅನುಮಾನವೇ ಉಳಿಯಲಿಲ್ಲ. ಆರು ಎಂದು ಲೆಕ್ಕ ಒಪ್ಪಿಸಿದೆ. ಅವರಲ್ಲಿ ದಪ್ಪಗಿರುವವರು ಯಾರಾದರೂ ಇದ್ದರೇ ಎಂದು ಆಮೇಲೆ ಕೇಳಿದಳು. ಇಂಥ ವಿವರವನ್ನೂ ಇಲಾಖೆ ಕೇಳುತ್ತದಲ್ಲ ಎಂದು ಬೆರಗಾದರೂ, ಈಗಷ್ಟೇ ಮೇಲೆ ಹೋದ ಒಬ್ಬ ಆಸ್ಟ್ರಿಯಾದವನ ಗುರುತು ಹೇಳಿದೆ. ಅವನು ಇಳಿದು ಬಂದಾಗ ಅವಳು ಅವನ ಹಿಂದೆಯೇ ಹೋದಳು.

ಮುಂದಿನ ಬುಧವಾರವೂ ಬಂದಳು. ಅದರ ಮುಂದಿನ ಬುಧವಾರವೂ ಬಂದಳು. ಆರು ತಿಂಗಳು ಕಳೆದು ನನ್ನ ಕರಾರು ಇನ್ನೊಂದು ಆರು ತಿಂಗಳಿಗೆ ಮುಂದುವರಿಯಿತು. ಯಾವ ವರದಿಯೂ ಎಲ್ಲಿಂದಲೂ ಬರಲಿಲ್ಲ. ಹಾಗಾದರೆ ಇವಳು ಇನ್ಸ್‌ಪೆಕ್ಟರ್ ಅಲ್ಲ. ಮತ್ತೆ ಯಾರು? ಈ ಪ್ರಶ್ನೆ ಹುಟ್ಟಿದ ದಿನದಿಂದ ಅವಳು ನನ್ನ ಕಿಟಕಿಗೆ ಬಂದಾಗಲೆಲ್ಲ ನನ್ನ ಕೈ ತಾನಾಗಿ ಜೇಬು ಮುಟ್ಟಿಕೊಳ್ಳುತ್ತಿತ್ತು. ಜೇಬುಗಳ್ಳಿಯಿರಬಹುದು. ಯಾವುದೋ ಪಂಥಕ್ಕೆ ಜನ ಸೇರಿಸುವವಳಿರಬಹುದು. ಮದುವೆ ದಲ್ಲಾಳಿಯಿರಬಹುದು ಎಂದು ಒಂದು ವಾರ ಅಂದುಕೊಂಡು, ನನಗೆ ಯಾಕೆ ಒಂದು ಸಂಬಂಧವನ್ನೂ ಹೇಳುತ್ತಿಲ್ಲ ಎಂದು ಬೇಸರವನ್ನೂ ಪಟ್ಟುಕೊಂಡೆ. ಅವಳನ್ನೇ ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಅನುಮಾನಕ್ಕೆ ಬಿದ್ದವನಿಗೆ ಉತ್ತರಕ್ಕಿಂತ ಅನುಮಾನವೇ ರುಚಿ.

ನನ್ನ ಅನುಮಾನಕ್ಕೆ ಒಂದು ಹೆಸರು ಕೊಟ್ಟವರು ದೋನ್ ಒನೊರಿನೊ. ಮೂವತ್ತು ವರ್ಷದಿಂದ ಈ ಊರಿನ ಗೈಡು. ಕೊರಳಲ್ಲಿ ಸರ್ಕಾರದ ಲೈಸೆನ್ಸ್ ಕಾರ್ಡು, ಕೈಯಲ್ಲಿ ಮಡಿಸಿದ ಹಳದಿ ಕೊಡೆ. ಮ್ಯಾಡ್ರಿಡ್‌ನಿಂದ ಬೆಳಿಗ್ಗೆ ಬಂದು ಸಂಜೆ ಹೋಗುವ ಗುಂಪುಗಳೇ ಅವರ ಬದುಕು. ಲೈಸೆನ್ಸಿಲ್ಲದೆ ಕದ್ದು ಊರು ತೋರಿಸುವ ಕಳ್ಳಗೈಡುಗಳೆಂದರೆ ಅವರಿಗೆ ಊಟ ಸೇರುವುದಿಲ್ಲ. ಒಂದು ಬುಧವಾರ ಕಿಟಕಿಗೆ ಮೊಣಕೈ ಊರಿ, ಆ ನೀಲಿ ಕೋಟಿನವಳನ್ನು ಗಮನಿಸಿದ್ದೀಯಾ ಎಂದರು. ಅವಳು ಒಂಟಿ ಜನರನ್ನೇ ಹಿಡಿಯುತ್ತಾಳೆ, ಗುಂಪಾಗಿ ನಡೆಸುವುದಿಲ್ಲ, ಬೇರೆ ಬೇರೆ ಟಿಕೆಟ್ ಕೊಳ್ಳಿಸುತ್ತಾಳೆ, ಆಮೇಲೆ ಎಲ್ಲರೂ ಒಂದೇ ಗಲ್ಲಿಗೆ ತಿರುಗುತ್ತಾರೆ. ಇಷ್ಟು ಜಾಣತನ ಈ ಊರಲ್ಲಿ ಯಾರೂ ಇನ್ನೂ ಮಾಡಿರಲಿಲ್ಲ ಎಂದು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಮೆಚ್ಚುಗೆಯೂ ಇತ್ತು.

ದೂರಿನ ಹಾಳೆ ತಯಾರಾಗಿತ್ತು. ಹಣ ಕೈಯಿಂದ ಕೈಗೆ ಹೋಗಿದ್ದನ್ನು ಕಂಡ ಒಬ್ಬ ಸಾಕ್ಷಿಯ ಸಹಿ ಮಾತ್ರ ಬಾಕಿ. ದೂರು ಸಾಬೀತಾದರೆ ಬೀಳುವ ದಂಡಕ್ಕೆ ಅವಳಂಥವಳ ವರ್ಷದ ಪಿಂಚಣಿಯೂ ಸಾಲದು. ಆಮೇಲೆ ಅವಳ ಕಾಲು ಈ ಊರಿನ ಕಲ್ಲಿನ ಮೇಲೆ ಬೀಳುವುದಿಲ್ಲ ಎಂದರು. ನನಗೆ ಒಳಗೊಳಗೇ ಒಂಥರಾ ಆಯಿತು. ಆದರೆ ನನ್ನ ಕರಾರಿಗೆ ಸಹಿ ಹಾಕುವವರು ಅವರ ಭಾವಮೈದ ಎಂಬುದು ನೆನಪಾಗಿ, ಆ ಒಂಥರಾ ಬೇಗ ವಾಸಿಯಾಯಿತು.

ಮುಂದಿನ ಬುಧವಾರಕ್ಕೆ ಪಾಳಿ ಬದಲಾಯಿಸಿಕೊಂಡೆ. ಗೂಢಚಾರನಾಗಲು ಒಂದು ಟೋಪಿ, ಒಂದು ಕಪ್ಪು ಕನ್ನಡಕ ಕೊಂಡೆ. ಬೇಕರಿಯ ಸೆನ್ಯೋರಾ ಬಾಗಿಲಲ್ಲೇ ನಿಂತು, ಎಲಾದಿಯೊ, ಕಣ್ಣು ಬಂದಿದೆಯೇನೋ ಎಂದು ವಿಚಾರಿಸಿದಳು. ರೋಮನ್ನರು ಕಟ್ಟಿದ ನೀರುಗಾಲುವೆಯ ಕಮಾನಿನಿಂದ ದೊಡ್ಡ ಚೌಕದವರೆಗೆ ಏಳು ಜನ ನನ್ನ ಹೆಸರು ಹಿಡಿದು ಕರೆದರು. ಇಬ್ಬರು ಅಮ್ಮನ ಮಂಡಿನೋವು ಹೇಗಿದೆ ಎಂದು ಕೇಳಿದರು. ಇಷ್ಟಾದರೂ ಬೆನಿಲ್ದೆ ತಿರುಗಿ ನೋಡಲಿಲ್ಲ. ಕಮಾನುಗಳ ಕೆಳಗೆ ಒಬ್ಬನೇ ನಿಂತು ಫೋಟೊ ತೆಗೆಯುತ್ತಿದ್ದ ದಪ್ಪ ಮನುಷ್ಯನ ಹತ್ತಿರ ಹೋಗಿ ಏನೋ ಕೇಳಿದಳು, ಅವನು ಆಗಲಿ ಎಂದು ತಲೆಯಾಡಿಸಿದ. ಚೌಕದಲ್ಲಿ ನಕ್ಷೆ ತಿರುಗಿಸಿ ನೋಡುತ್ತಿದ್ದ ಹುಡುಗಿಗೂ ಅದೇ. ಬೆನಿಲ್ದೆ ಬೆರಳಲ್ಲಿ ಎರಡು ಎಂದು ತೋರಿಸಿ ಪಕ್ಕದ ಗಲ್ಲಿಯತ್ತ ಕೈ ಮಾಡಿದಳು. ಮಧ್ಯೆ ಎರಡು ಗಂಟೆ ಹೊತ್ತು ಬಿಸಿಲಿನಲ್ಲಿ, ಕೋಟೆಯ ಕಡೆ, ಸುಮ್ಮನೆ ತನ್ನಷ್ಟಕ್ಕೆ ತಿರುಗಿದಳು. ಒಂದು ಹಳೇ ಬಾಗಿಲಿನ ಮೊಳೆಗಳನ್ನು ಕಾಲು ಗಂಟೆ ನೋಡಿದಳು. ನನ್ನ ಕಾಲು ಸಾಕು ಎಂದು ಬೇಡಿಕೊಂಡಿತು.

ಎರಡು ಗಂಟೆಗೆ ಮೂವರೂ ಆ ಗಲ್ಲಿಯ ಒಂದು ಹೋಟೆಲಿನ ಮುಂದೆ ಸೇರಿ ಒಳಗೆ ಹೋದರು. ಸೌದೆ ಒಲೆಯಲ್ಲಿ ಕುರಿಮರಿ ಸುಡುವುದಕ್ಕೆ ಹೆಸರಾದ ಜಾಗ. ಗಾಜಿನಿಂದ ಇಣುಕಿದೆ. ದಪ್ಪ ಮನುಷ್ಯ ಜೇಬಿನಿಂದ ನೋಟು ತೆಗೆದು ಬೆನಿಲ್ದೆಯ ಕೈಗಿಟ್ಟ. ಹುಡುಗಿಯೂ ಇಟ್ಟಳು. ಬೆನಿಲ್ದೆ ನೋಟ್‌ಬುಕ್ ತೆಗೆದು ಬರೆದುಕೊಂಡಳು. ಇನ್ನೇನು ಬೇಕು? ಹಿಂದೆಮುಂದೆ ಯೋಚಿಸದೆ ಒನೊರಿನೊಗೆ ಫೋನ್ ಮಾಡಿದೆ. ಅವರು ಹತ್ತು ನಿಮಿಷದಲ್ಲಿ ಕೊಡೆ, ಹಾಳೆ, ಪೆನ್ನು ಸಮೇತ ಹಾಜರಾದರು. ಅವರ ಹಿಂದೆ, ಟೋಪಿ ಕನ್ನಡಕದಲ್ಲಿ, ನಾನು.

ಬೆನಿಲ್ದೆ ನನ್ನನ್ನು ನೋಡಿ, ಕನ್ನಡಕ ತೆಗಿ ಮಗನೇ, ಒಳಗೆ ಕತ್ತಲೆ, ಮೆಟ್ಟಿಲು ಎಡವುತ್ತೀಯ ಎಂದಳು. ಬೆಳಿಗ್ಗೆಯಿಂದ ಹಿಂದೆ ಬರುತ್ತಿದ್ದೀಯಲ್ಲ, ಊಟಕ್ಕೆ ಕರೆಯೋಣ ಅಂದರೆ ನೀನು ತೀರಾ ತೆಳ್ಳಗೆ ಎಂದೂ ಸೇರಿಸಿದಳು.

ಒನೊರಿನೊ ಕೂರಲಿಲ್ಲ. ಲೈಸೆನ್ಸ್ ಕಾರ್ಡನ್ನು ಎತ್ತಿ ತೋರಿಸಿ, ನೀವು ಈ ಜನರಿಂದ ಹಣ ತೆಗೆದುಕೊಂಡಿದ್ದೀರಿ, ಸಾಕ್ಷಿ ಇಲ್ಲಿದ್ದಾನೆ ಎಂದರು. ಹೌದು, ತೆಗೆದುಕೊಂಡೆ ಎಂದಳು ಬೆನಿಲ್ದೆ. ಯಾತಕ್ಕೆ ಎಂದರು. ಅವಳು ಉತ್ತರಿಸುವ ಬದಲು ಮೇಜಿನ ಮೇಲಿದ್ದ ತಿಂಡಿಪಟ್ಟಿಯನ್ನು ಅವರ ಮುಂದೆ ತಳ್ಳಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಕುರಿಮರಿ, ಕಾಲು ಭಾಗ, ಕನಿಷ್ಠ ಇಬ್ಬರಿಗೆ.

ಆ ಸಾಲನ್ನು ನಾನು ಹುಟ್ಟಿದಾಗಿನಿಂದ ಓದಿದ್ದೇನೆ. ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಪಡೆದ ದಿನದ, ನನ್ನ ಮೊದಲ ಕಮ್ಯುನಿಯನ್ನಿನ ಊಟವೂ ಅಲ್ಲಿಯೇ ಆಗಿದ್ದು, ಹದಿನಾರು ಜನ ಇದ್ದೆವು. ಅಂಥ ಹೋಟೆಲಿಗೆ ನಮ್ಮೂರಲ್ಲಿ ಯಾರೂ ಒಬ್ಬರೇ ಹೋಗುವುದಿಲ್ಲವಾದ್ದರಿಂದ, ಆ ಸಾಲು ಯಾರನ್ನೋ ಹೊರಗೆ ನಿಲ್ಲಿಸುತ್ತದೆ ಎಂದು ನಮಗೆ ಯಾವತ್ತೂ ತೋಚಿರಲಿಲ್ಲ. ಒನೊರಿನೊ ಅಂತೂ ಮೂವತ್ತು ವರ್ಷದಿಂದ ನಲವತ್ತು ಜನರ ಜೊತೆಗೇ ಬಂದವರು. ಮಾಣಿ ಫುಲ್ಹೆನ್ಸಿಯೊ ನೀರು ತಂದಿಡುತ್ತಾ ವಿವರಿಸಿದ: "ಕಾಲು ಭಾಗನ ಇನ್ನೂ ಕುಯ್ದ್ರೆ ಒಣಗಿ ಹೋಗತ್ತೆ ದೋನ್ ಒನೊರಿನೊ. ಒಬ್ರಿಗೆ ಕೊಡಲ್ಲ. ಈಯಮ್ಮ ಏಳು ವರ್ಷದಿಂದ ಬುಧವಾರ ಜೊತೆಗೆ ಯಾರನ್ನಾದ್ರೂ ಹಿಡ್ಕೊಂಡೇ ಬರ್ತಾರೆ. ಊರಿಗೆಲ್ಲ ಗೊತ್ತು ಅಂದ್ಕೊಂಡಿದ್ದೆ."

ಆಮೇಲೆ ಬೆನಿಲ್ದೆ ಹೇಳಿದ್ದನ್ನು ಚುಟುಕಾಗಿ ಬರೆಯುತ್ತೇನೆ. ಮ್ಯಾಡ್ರಿಡ್‌ನ ವಯ್ಯೇಕಾಸ್‌ನವಳು. ನಲವತ್ತೊಂದು ವರ್ಷ ಒಂದು ಆಸ್ಪತ್ರೆಯ ಬಟ್ಟೆಮನೆಯಲ್ಲಿ ಹಾಸಿಗೆಯ ಹೊದಿಕೆ ಮಡಿಸಿದಳು. ಆ ಕೆಲಸ ಒಬ್ಬರಿಂದ ಆಗುವುದಿಲ್ಲ; ಇನ್ನೊಂದು ತುದಿಯಲ್ಲಿ ಯಾರಾದರೂ ಹಿಡಿದಿರಬೇಕು. ನಿವೃತ್ತಿಯಾದ ಮಾರನೇ ವಾರ, ತುದಿ ಹಿಡಿಯುವವರಿಲ್ಲದ ಯಾವುದಾದರೂ ಕೆಲಸ ಮಾಡೋಣ ಎಂದು ಆವಿಲಾಕ್ಕೆ ಬಸ್ಸು ಹತ್ತಿದಳು. ಆಮೇಲೆ ಕುಯೆಂಕಾ, ತೊಲೆದೊ, ಸಿಗುವೆನ್ಸಾ. ಕಡೆಗೆ ಸೆಗೋವಿಯಾದ ಗಲ್ಲಿಗಳೇ ಕಾಲಿಗೆ ಒಗ್ಗಿದವು. ಆದರೆ ಈ ಹೋಟೆಲಿನಲ್ಲಿ ಮೊದಲ ಮೂರು ಬುಧವಾರ, ಒಬ್ಬರಿಗೆ ಕುರಿಮರಿ ಇಲ್ಲ ಎಂದು ಮೀನು ತಿನ್ನಿಸಿ ಕಳಿಸಿದರು. ನಾಲ್ಕನೇ ಬುಧವಾರ ಸಿಟ್ಟು ಬಂದು, ಬಾಗಿಲಲ್ಲಿ ತನ್ನ ಹಾಗೆಯೇ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ ಒಬ್ಬ ಬೆಲ್ಜಿಯಂನವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಅಲ್ಲಿಂದ ಶುರು. ತಮ್ಮ ಪಾಲು ಕೊಟ್ಟರು, ಊಟವಾಯಿತು, ಅವರ ದಾರಿ ಅವರಿಗೆ, ಇವಳ ದಾರಿ ಇವಳಿಗೆ.

ಒನೊರಿನೊ ನಂಬಲಿಲ್ಲ. ನೋಟ್‌ಬುಕ್ ಕೊಡಿ ಎಂದರು. ಇವಳು ಕೊಟ್ಟಳು. ಗಿರಾಕಿಗಳ ಪಟ್ಟಿ ಸಿಕ್ಕಿತು ಎಂಬ ಗತ್ತಿನಲ್ಲಿ, ಹೋಟೆಲಿಗೆಲ್ಲ ಕೇಳುವ ಹಾಗೆ, ತಮ್ಮ ಗೈಡಿನ ದನಿಯಲ್ಲಿ ಓದತೊಡಗಿದರು.

"ಬೆಲ್ಜಿಯಂ, ಎತ್ತರ. ಗರಿಗರಿ ಚರ್ಮ ಬಿಟ್ಟ. ನಾನು ತಿಂದೆ. ಜಪಾನ್ ಹುಡುಗಿ, ಕಡ್ಡಿ ಥರ ಇದ್ದಾಳೆ, ಮೂಳೆ ಸಮೇತ ಚೀಪಿದಳು. ನೋಡಿ ಮೋಸ ಹೋಗಬಾರದು. ಬಾರ್ಸಿಲೋನಾ ವಕೀಲ. ತಿಂದಿದ್ದು ಕಮ್ಮಿ, ಮಾತು ಜಾಸ್ತಿ. ಇನ್ನೊಂದ್ಸಲ ಬೇಡ. ಆಸ್ಟ್ರಿಯಾದವನು, ದಪ್ಪ. ಸಸ್ಯಾಹಾರಿಯಂತೆ. ದೇವರೇ."

ಪಕ್ಕದ ಮೇಜಿನವರು ನಗುತ್ತಿದ್ದರು. ಒನೊರಿನೊ ಹಾಳೆ ತಿರುಗಿಸುತ್ತಲೇ ಹೋದರು. ಎಲ್ಲಾದರೂ ನೀರುಗಾಲುವೆ, ಕೋಟೆ, ರೋಮನ್ನರು ಸಿಗುತ್ತಾರೆಂದು. ಸಿಗಲಿಲ್ಲ. ಕಡೆಗೆ ನೋಟ್‌ಬುಕ್ ಮುಚ್ಚಿ, ದೂರಿನ ಹಾಳೆಯನ್ನು ನನ್ನ ಮುಂದೆ ಇಟ್ಟು, ಏನೇ ಆಗಲಿ ಹಣ ಕೈ ಬದಲಾಯಿಸಿದ್ದು ನಿಜ ತಾನೇ, ಸಹಿ ಹಾಕು ಎಂದರು.

ನಾನು ಧೀರನಾಗಿ ಹಾಳೆ ಹರಿದು ಹಾಕಿದೆ ಎಂದು ಬರೆಯಬಹುದಿತ್ತು. ನಾನು ಮಾಡಿದ್ದು, ಪೆನ್ನು ಬರೆಯುತ್ತಿಲ್ಲ ಎಂದು ಎರಡು ಸಲ ಸುಳ್ಳು ಹೇಳಿದ್ದು. ಬೆನಿಲ್ದೆ ಚೀಲದಿಂದ ತನ್ನ ಪೆನ್ನು ತೆಗೆದು ಕೊಟ್ಟಳು.

"ಬರಿ ಮಗನೇ. ಕಂಡಿದ್ದನ್ನ ಬರಿ. ಆದ್ರೆ ಪೂರ್ತಿ ಬರಿ."

ಬರೆದೆ. ಸದರಿ ಮಹಿಳೆಯು ಇಬ್ಬರಿಂದ ಹಣ ಪಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಣವು ಕುರಿಮರಿಯ ಕಾಲು ಭಾಗ ಮತ್ತು ಒಂದು ಸೊಪ್ಪಿನ ತಟ್ಟೆಯ ಬಗ್ಗೆ, ಮೂವರಿಗೆ ಸಮಪಾಲು. ಊರಿನ ಬಗ್ಗೆ ಒಂದು ಮಾತೂ ಆಡಿದ್ದು ಕೇಳಿಸಲಿಲ್ಲ. ಕೆಳಗೆ ಸಹಿ ಹಾಕಿದೆ. ಒನೊರಿನೊ ಅದನ್ನು ನಿಂತಲ್ಲೇ ಓದಿದರು, ಇನ್ನೊಮ್ಮೆ ಓದಿದರು. ಇಂಥದ್ದನ್ನು ಕಚೇರಿಗೆ ತೆಗೆದುಕೊಂಡು ಹೋದರೆ ಭಾವಮೈದನೇ ಮೊದಲು ನಗುತ್ತಾನೆ ಎಂದು ಅವರಿಗೂ ಗೊತ್ತಿತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನೊಳಗೆ ಇಟ್ಟುಕೊಂಡರು, ಹರಿದು ಹಾಕಲಿಲ್ಲ. ಅಷ್ಟರಲ್ಲಿ ಮಣ್ಣಿನ ತಟ್ಟೆಯಲ್ಲಿ ಕುರಿಮರಿ ಬಂತು. ದಪ್ಪ ಮನುಷ್ಯ, ಪೋರ್ಚುಗಲ್‌ನ ಒಬ್ಬ ಅಂಚೆಯವನು, ಇಷ್ಟು ಹೊತ್ತೂ ಏನು ಜಗಳ ಎಂದು ತಿಳಿಯದೆ ಕೂತಿದ್ದವನು, ನಿಟ್ಟುಸಿರು ಬಿಟ್ಟು ಫೋರ್ಕು ಎತ್ತಿದ.

ಹೊರಡಬೇಕಿದ್ದ ಒನೊರಿನೊ ಹೊರಡಲಿಲ್ಲ. ಸೋತಿದ್ದೇನೆಂದು ಒಪ್ಪಿಕೊಳ್ಳಲಾರದ ಅನುಮಾನ ಅವರ ಮುಖದಲ್ಲಿ ಇನ್ನೂ ಉಳಿದಿತ್ತು. ಕೊಡೆಯನ್ನು ನೆಲಕ್ಕೆ ಊರಿ ಕೇಳಿದರು:

"ಒಂದು ತುತ್ತು ಊಟಕ್ಕೆ ಬೀದಿ ಬೀದಿ ಜನ ಹುಡುಕೋದು ಯಾಕೆ ಸೆನ್ಯೋರಾ? ನಾಲ್ಕು ಜನರ ಥರ ಒಂದು ಗುಂಪಿನ ಜೊತೆ ಬರಬಾರದಾ? ಒಬ್ಬರೇ ಯಾಕೆ ಬರ್ತೀರಿ?"

ಬೆನಿಲ್ದೆ ಗರಿಗರಿ ಚರ್ಮದ ತುಂಡೊಂದನ್ನು ತನ್ನ ತಟ್ಟೆಗೆ ಎಳೆದುಕೊಂಡಳು.

"ನಿಮ್ಮ ಗುಂಪಲ್ಲೇ ಎರಡು ಸಲ ಬಂದಿದ್ದೆ. ಅದಕ್ಕೇ."