ಅಜ್ಜಿ ಬರೀ ಆಮೆನ್ ಅಂದ ಬುಧವಾರಗಳು

ಎಪ್ಪತ್ತರ ದಶಕದಲ್ಲಿ ಹಿರಿಯೂರಿನ ನಮ್ಮ ಕ್ರೈಸ್ತ ಸಭೆ ಎಂದರೆ ಹತ್ತೋ ಹನ್ನೆರಡೋ ಮನೆ. ಬುಧವಾರ ಸಂಜೆ ಯಾರದಾದರೂ ಮನೆಯಲ್ಲಿ ಚಾಪೆ ಹಾಸಿ ಸುತ್ತ ಕೂತು, ಸರದಿಯಂತೆ ಎಲ್ಲರೂ ಬಾಯಿಬಿಟ್ಟು ಪ್ರಾರ್ಥಿಸಬೇಕು. ಬೇರೆಯವರು ಕಣ್ಣು ಮುಚ್ಚಿದರೆ ನಾನು ಕಿವಿ ತೆರೆಯುತ್ತಿದ್ದೆ. ಹತ್ತೊಂಬತ್ತಾಗಿದ್ದರೂ ನನಗೆ ಮೀಸೆ ನೆಟ್ಟಗೆ ಬಂದಿರಲಿಲ್ಲ; ಊರವರ ದನಿಗಳೆಲ್ಲ ಮಾತ್ರ ನನ್ನ ಬಾಯಿಗೆ ಬಂದಿದ್ದವು.

ಬಬ್ಬೂರಿನ ಕೃಷಿ ಫಾರಂನಲ್ಲಿ ಕಳೆ ಕೀಳುವ ಅಜ್ಜಿಯೊಬ್ಬರು ಬರುತ್ತಿದ್ದರು. “ಯೇಸಪ್ಪಾ, ಮೇಸ್ತ್ರಿ ಬಾಯಿ ತಣ್ಣಗ್ ಮಾಡಪ್ಪಾ. ನಮ್ಮೆಮ್ಮೆ ಗಬ್ಬ ನಿಲ್ಲಂಗ್ ಮಾಡಪ್ಪಾ.” ಒಂದೊಂದು “ಅಪ್ಪಾ”ಗೂ ಅವರ ಮೂಗು ಸೊರ್ ಎನ್ನುತ್ತಿತ್ತು.

ಸಭೆಯ ಹುಡುಗ ಹುಡುಗಿಯರೆಲ್ಲ ಬುತ್ತಿ ಕಟ್ಟಿಕೊಂಡು ಜೋಗಿಮಟ್ಟಿ ಬೆಟ್ಟಕ್ಕೆ ಹೋದ ದಿನ, ಟವೆಲನ್ನು ತಲೆಯ ಮೇಲೆ ಹೊದ್ದು ಅಜ್ಜಿಯ ಪ್ರಾರ್ಥನೆಯನ್ನೇ ಮಾಡಿ ತೋರಿಸಿದೆ, ಮೂಗಿನ ಸಮೇತ. “ಲೇ, ಸಾಕ್ ನಿಲ್ಸಲೇ, ಹೊಟ್ಟೆ ನೋಯ್ತೈತೆ!” ಎಂದು ಗೆಳೆಯರು ಹೊರಳಾಡಿದರು. ಅಜ್ಜಿಯ ಮೊಮ್ಮಗಳೂ ಅಲ್ಲಿದ್ದಳು. ಅವಳೂ ಬಿದ್ದು ಬಿದ್ದು ನಕ್ಕಳು, ಮನೆಗೆ ಹೋಗಿ ಅಜ್ಜಿಗೇ ಹೇಳಿದಳು.

ಮುಂದಿನ ಬುಧವಾರ ಸರದಿ ಬಂದಾಗ ಅಜ್ಜಿ “ಆಮೆನ್” ಅಂದರು. ಅಷ್ಟೇ. ಅದರ ಮುಂದಿನ ವಾರವೂ ಅಷ್ಟೇ.

“ಯಾಕಮ್ಮಾ, ಹುಷಾರಿಲ್ವೇ?” ಎಂದು ಪಾಸ್ಟರಯ್ಯ ಕೇಳಿದರು.

“ಹುಷಾರೈದೀನ್ರಿ. ನಂಗೆ ಪ್ರಾರ್ಥ್ನೆ ಬರಾಕಿಲ್ರಿ.”

ನಾನು ಚಾಪೆಯ ಕಡ್ಡಿ ಕೀಳುತ್ತಾ ಕೂತಿದ್ದೆ.

ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನದ ಭಾನುವಾರ ಬಂತು. ರೊಟ್ಟಿ ತೆಗೆದುಕೊಳ್ಳುವ ಮೊದಲು, ಮನಸ್ತಾಪ ಇದ್ದವರು ಎದ್ದು ಹೋಗಿ ಕೈಹಿಡಿದು ಕ್ಷಮೆ ಕೇಳುವುದು ನಮ್ಮಲ್ಲಿ ರೂಢಿ. ಏಳಬೇಕಾದವನು ನಾನು. ಎದ್ದು ಬಂದವರು ಅಜ್ಜಿ. ಬಿರುಕುಬಿಟ್ಟ ಅಂಗೈಯಲ್ಲಿ ನನ್ನ ಕೈ ಹಿಡಿದು, “ನಿನ್ ಮ್ಯಾಲೆ ಸಿಟ್ಟಿಟ್ಕಂಡಿದ್ದೆ ಕಣಪ್ಪ. ತಪ್ಪಾತು” ಅಂದರು.

ಹೇಳಲು ನಾಚಿಕೆ. ಆಗಲೂ ನನ್ನ ಕಿವಿ ಆ “ತಪ್ಪಾತು”ವಿನ ಎಳೆತವನ್ನು ಎತ್ತಿಟ್ಟುಕೊಂಡಿತು. ಗಾಬರಿಯಲ್ಲಿ ಬಾಯಿ ತೆರೆದೆ. “ನೀವೇ ನನ್ನನ್ನು ಕ್ಷಮಿಸಬೇಕು, ತಾಯೀ.” ಹೊರಬಿದ್ದದ್ದು ಥೇಟ್ ಪಾಸ್ಟರಯ್ಯನವರ ದನಿ, ಮಾತಿನ ಕೊನೆಗೆ ಅವರು ಕೆಮ್ಮುವ ಕೆಮ್ಮೂ ಸೇರಿ. ಬೇಕೆಂದು ಮಾಡಲಿಲ್ಲ, ನಮ್ಮಲ್ಲಿ ಆಣೆ ಇಡಬಾರದು, ಇಲ್ಲದಿದ್ದರೆ ಇಡುತ್ತಿದ್ದೆ. ಹೆದರಿದಾಗ ನನ್ನದೆನ್ನುವ ದನಿಯೇ ನನಗೆ ಸಿಗಲಿಲ್ಲ. ಹಿಂದಿನ ಸಾಲು ಕಿಸಕ್ಕೆಂದಿತು. ಅಜ್ಜಿ ಕೈ ಬಿಟ್ಟರು. ರೊಟ್ಟಿಯ ತಟ್ಟೆ ಬಂದಾಗ ನಾನು ಮುಟ್ಟದೆ ಪಕ್ಕಕ್ಕೆ ದಾಟಿಸಿದೆ.

ಅದಾದ ಬುಧವಾರ ಅಜ್ಜಿಯ ಸರದಿ ಹತ್ತಿರವಾಗುತ್ತಿದ್ದಂತೆ ಎದ್ದು ಬಾಗಿಲಿಗೆ ನಡೆದೆ.

“ಎಲ್ಲಿಗೋ?” ಅಜ್ಜಿಯೇ ಕೇಳಿದರು.

“ಹೊರಗಿರ್ತೀನಜ್ಜಿ. ನೀವ್ ಪ್ರಾರ್ಥ್ನೆ ಮಾಡ್ರಿ.”

“ಬಂದ್ ಕುಂತ್ಕಳೋ. ನಿನ್ ಇಚಾರಾನೂ ಹೇಳದೈತೆ.”

ಕೂತೆ. ಅಜ್ಜಿ ಶುರುಮಾಡಿದರು. ನನಗೆ ಒಳ್ಳೆ ಬುದ್ಧಿ ಬರಲಿ, ನನ್ನ ಕೈಗೊಂದು ಕೆಲಸ ಸಿಗಲಿ ಎಂದು ಬೇಡಿದರು. ಆದರೆ ಮೊದಲಿನ ಹಾಗಲ್ಲ. ಒಂದು ಮಾತಾಡಿ ನಿಲ್ಲುವುದು, ಯಾರಾದರೂ ನಕ್ಕರೇ ಎಂದು ಆಲಿಸುವುದು, ಮತ್ತೊಂದು ಮಾತಾಡುವುದು. ದೇವರೆದುರು ಕೂತೂ ಆ ಮುದುಕಿಗೆ ನನ್ನ ಹೆದರಿಕೆ.